ಅತ್ತೆಯ ಉರಿ ಮತ್ತು ಹೊಸ ಕನ್ನಡಕ

ಮೊನ್ನೆ ಜಹೀರಾಬಾದಿನ ಔಷಧದಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ಬಾಯಿ ಬಿಡದೆ ಕಿರುಬೆರಳು ಎತ್ತಿ ತೋರಿಸಿದಳು. ಅಂಗಡಿಯವನು ಆ ಬೆರಳನ್ನೇ ದಿಟ್ಟಿಸಿ ಮುಲಾಮು ತೆಗೆದಿಟ್ಟ. "ಬೆರಳಿಗಲ್ಲಪ್ಪ," ಎಂದೆ ನಾನು. ಇಷ್ಟು ತಿಳಿವಳಿಕೆ ನನಗೆ ಬಂದದ್ದು ನಮ್ಮ ಸೋದರತ್ತೆ ಶಾಂತವ್ವನಿಂದ.

ಮನೂರು ಕಡೆಯ ಹಳ್ಳಿಯಿಂದ ಅತ್ತೆ ವಾರವಾರ ಸಂತೆಗೆ ತೊಗರಿಬೇಳೆ ಮಾರಲು ಹೋಗುತ್ತಿದ್ದಳು. ಅಲ್ಲಿ ಹೆಂಗಸರು ಒಂದಕ್ಕೆ ಹೋಗಲು ಮರೆಯ ಜಾಗವಿರಲಿಲ್ಲ. ಅದಕ್ಕೆ ಅವಳ ಉಪಾಯ, ಸಂಜೆಯವರೆಗೆ ನೀರೇ ಕುಡಿಯದಿರುವುದು. ಈ ವ್ರತಕ್ಕೆ ದೇವರು ಒಲಿಯಲಿಲ್ಲ, ಉರಿಮೂತ್ರ ಒಲಿಯಿತು.

ಅದನ್ನು ಹೇಳುವುದು ಹೇಗೆ ನೋಡಿ. ದವಾಖಾನೆಗೆ ಕರೆದೊಯ್ದರೆ ಡಾಕ್ಟರು ಗಂಡಸು. ಪಕ್ಕದ ಕುರ್ಚಿಯಲ್ಲಿ ಸೋದರಳಿಯನಾದ ನಾನು, ಕಾವಲುಗಾರನ ಹಾಗೆ.

"ಏನ್ ತ್ರಾಸ ಅದವ್ವ?"

"ಉರ್ಯಾಕತ್ತದ್ರಿ."

"ಎಲ್ಲಿ?"

ಅತ್ತೆ ನನ್ನನ್ನು ನೋಡಿದಳು, ಗೋಡೆ ನೋಡಿದಳು. "ಕಣ್ಣಾಗ್ರಿ," ಎಂದಳು.

ಅಲ್ಲಿಂದ ಕಣ್ಣಿನ ಡಾಕ್ಟರು, ಹನಿ ಔಷಧ, ಕೊನೆಗೊಂದು ಕನ್ನಡಕ. ಊರಿಗೆ ಬರುವಾಗ ಕೇಳಿದೆ, "ಉರಿ ಕಡಿಮಿ ಆತೇನತ್ತಿ?"

"ಆಗ್ತದ ತಗೋ. ದೂರಿಂದು ಛಲೋ ಕಾಣ್ತದ."

ವಾರದೊಳಗೆ ನಡುಗಿಸುವ ಜ್ವರ, ಬೆನ್ನುನೋವು. ನನ್ನ ಹೆಂಡತಿ ಅತ್ತೆಯ ಬಾಯಿಗೆ ಕಿವಿಗೊಟ್ಟು ಕೇಳಿ ಹೊರಗೆ ಬಂದಳು. "ಕಣ್ಣಲ್ರಿ, ಒಂದಕ್ಕ ಹೋಗೋದ್ರಾಗ ಉರಿ ಅದ."

ಜಹೀರಾಬಾದಿನ ದೊಡ್ಡ ದವಾಖಾನೆಯಲ್ಲಿ ಸೋಂಕು ಮೂತ್ರಪಿಂಡಕ್ಕೇರಿದೆ ಎಂದರು. ಸಲೈನು, ಸೂಜಿ, ಹಾಸಿಗೆ. ಮನೆಯ ಟಗರು ಮಾರಿ ಬಿಲ್ಲು ಕಟ್ಟಿದೆವು. "ಮೊದಲೇ ಹೇಳಿದ್ರ ಗುಳಿಗಿ ತಗೊಂಡು ಮನ್ಯಾಗೇ ಆರಾಮ ಆಗ್ತಿದ್ರಿ," ಎಂದು ಡಾಕ್ಟರಮ್ಮ ಬೈದರು. ಅಂದು ಮೊದಲ ಡಾಕ್ಟರ ಮುಂದೆ ಕೂರದೆ ನಾನು ಹೊರಗೆ ಚಹಾ ಕುಡಿಯಲು ಹೋಗಿದ್ದರೆ ಟಗರು ಉಳಿಯುತ್ತಿತ್ತು.

ಕೊಟ್ಟ ಗುಳಿಗೆಗಳನ್ನೆಲ್ಲ ನುಂಗಿ ಅತ್ತೆ ಗುಣವಾದಳು. ಈಗ ಸಂತೆಗೆ ನೀರಿನ ಬಾಟ್ಲಿ ಒಯ್ಯುತ್ತಾಳೆ. ಹೋದ ವಾರ ನಾರಾಯಣಖೇಡದ ರಸ್ತೆಯಲ್ಲಿ ಅವಳ ಜೊತೆ ನಾನೂ ಆಟೋದಲ್ಲಿದ್ದೆ. ಪೆಟ್ರೋಲ್ ಬಂಕಿನ ಶೌಚಾಲಯ ಕಂಡದ್ದೇ ಅವಳು ಡ್ರೈವರನ ಭುಜ ತಟ್ಟಿದಳು.

"ತಮ್ಮಾ, ಗಾಡಿ ನಿಂದ್ರಸು. ಒಂದಕ್ಕ ಹೋಗೋದದ."

ಆಟೋ ತುಂಬ ಸಂತೆಗೆ ಹೊರಟ ಹೆಂಗಸರು. ನಾನು ತೊಗರಿ ಹೊಲ ನೋಡತೊಡಗಿದೆ. ಆಮೇಲೆ ಮೂಲೆಯಲ್ಲಿದ್ದ ಮುದುಕಿ, "ನಾನೂ ಬರ್ತೀನವ್ವ," ಎಂದು ಇಳಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನೋಡನೋಡುತ್ತಿದ್ದಂತೆ ಗಾಡಿ ಖಾಲಿ. ಉಳಿದದ್ದು ಬೇಳೆಯ ಚೀಲ, ಡ್ರೈವರ, ನಾನು.

ಅವನು ಎಂಜಿನ್ ಆರಿಸಿ, ಹೆಂಗಸರು ಹೋದ ಕಡೆ ನೋಡಿದ. "ಇಷ್ಟು ದಿನಾ ಇವರೆಲ್ಲ ತಡಕೊಂಡೇ ಕುಂಡರ್ತಿದ್ರೇನ್ರಿ?" ಎಂದ.