ಸೋತವರ ಅಂಗಿ

ಮಾಲೂರಿಗೆ ಬಂದ ಮೊದಲ ಭಾನುವಾರವೇ ಬಜಾರಿನಲ್ಲಿ ಒಂದು ಸಾಲು ಹುಡುಗರು ಬರಿಮೈಯಲ್ಲಿ, ತಲೆ ತಗ್ಗಿಸಿ ನಡೆದು ಬರುವುದನ್ನು ಕಂಡೆ. ಯಾರದೋ ಮನೆಯ ಸಾವೆಂದು ತಿಳಿದು, ಚಪ್ಪಲಿ ಕಳಚಿ ಪಕ್ಕಕ್ಕೆ ನಿಂತೆ. ಹೂ ಮಾರುವಾಕೆ ನಕ್ಕಳು: "ಸಾವಲ್ಲ ಸಾಮಿ, ಫುಟ್‌ಬಾಲು! ಶ್ರೀನಿವಾಸಪುರದೋರ ಕೈಲಿ ಸೋತವ್ರೆ."

ಸೋತ ಮಕ್ಕಳು ಮೈದಾನದಲ್ಲೇ ಅಂಗಿ ಬಿಚ್ಚಿ ತರಬೇತುದಾರರ ಕಾಲ ಬಳಿ ಇಟ್ಟು, ಬಸ್ ನಿಲ್ದಾಣದವರೆಗೆ ನಡೆಯಬೇಕು. ಅಂಗಡಿಯವರು ಗೇಲಿ ಮಾಡಬೇಕು. ಅದು ಅಲ್ಲಿಯ ಪದ್ಧತಿ.

ಧಾರವಾಡದ ಬಂಧುಗಳೇ, ಎಪ್ಪತ್ತರ ದಶಕದ ಕೊನೆಯಲ್ಲಿ ಹೆಂಚಿನ ಕಾರ್ಖಾನೆಯ ಕೆಲಸಕ್ಕೆಂದು ನಾನು ಅಲ್ಲಿಗೆ ಹೋದೆ. "ನಮ್ ಕಡೆಯೋರಲ್ಲ" ಎಂದು ಮೂರು ಮನೆಗಳ ಬಾಗಿಲು ಮುಚ್ಚಿದವು. ಆ ಬಾಗಿಲುಗಳ ಬಣ್ಣ ಇಂದಿಗೂ ನನಗೆ ನೆನಪಿದೆ. ಬಾಡಿಗೆಗೆ ಮನೆ ಕೊಟ್ಟವರು ರಾಮಚಂದ್ರಪ್ಪ. ಆ ಮಕ್ಕಳ ತರಬೇತುದಾರರೂ ಅವರೇ. ನಮ್ಮಲ್ಲಿ ಜೋಳದ ರೊಟ್ಟಿಯನ್ನು ಅಗಿದಷ್ಟೂ ರುಚಿ. ಅಲ್ಲಿ ರಾಗಿಮುದ್ದೆಯನ್ನು ಅಗಿದರೆ ನಗುತ್ತಾರೆ. "ನುಂಗಿ ಸಾರ್, ಹಲ್ಲಿಗೇನು ಕೆಲ್ಸ ಅಲ್ಲಿ?" ಎಂದು ರಾಮಚಂದ್ರಪ್ಪನವರ ಹೆಂಡತಿ ಕಲಿಸಿದರು. ಬೀದಿಯಲ್ಲಿ ಕನ್ನಡ, ಮನೆಯೊಳಗೆ ತೆಲುಗು. ಯಾರೊಡನೆ ಯಾವುದೆಂಬುದು ನನಗೆ ಕೊನೆಗೂ ತಿಳಿಯಲಿಲ್ಲ.

ಹತ್ತು ವರ್ಷದ ಮಗ ಪ್ರಕಾಶನಿಗೆ ಅದೆಲ್ಲ ಚೆಂಡಿನ ಜೊತೆಗೇ ಬಂತು. ಮಳೆಗಾಲ ಮುಗಿಯುವುದರೊಳಗೆ ತಂಡ ಸೇರಿದ. ಆದರೆ ಅವನ ಬೆನ್ನ ತುಂಬ, ಎಳೆತನದಲ್ಲಿ ಕುದಿನೀರು ಬಿದ್ದ ಕಲೆಯಿತ್ತು. ಬಾವಿಕಟ್ಟೆಯಲ್ಲೂ ಅವನು ಅಂಗಿ ತೆಗೆದವನಲ್ಲ. ಮೊದಲ ಪಂದ್ಯದ ಹಿಂದಿನ ದಿನ ನನ್ನ ಹತ್ತಿರ ಬಂದು, "ಅಪ್ಪಾ, ಸೋತ್ರ ಹೆಂಗ?" ಎಂದ. ಗೆಲ್ಲುತ್ತೀರಿ ಬಿಡು ಎಂದೆ.

ಮುಳಬಾಗಿಲಿನವರೆದುರು ಸೋತರು.

"ಬಿಚ್ರೋ ಅಂಗಿ," ಎಂದರು ರಾಮಚಂದ್ರಪ್ಪ. ಅಂಗಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಪ್ರಕಾಶ ಮಾತ್ರ ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತ.

"ಏನ್ಲಾ, ನಿಂಗೆ ಬೇರೆ ಹೇಳ್ಬೇಕಾ? ಧಾರವಾಡದ ಮಹಾರಾಜ!"

ಸುತ್ತ ನಿಂತವರು ನಕ್ಕರು. ರಾಮಚಂದ್ರಪ್ಪನವರ ಕೈ ಮಗನ ಕೊರಳಪಟ್ಟಿಗೆ ಬಂತು. ನಾನು ಸುಣ್ಣದ ಗೆರೆ ದಾಟಿ ಒಳಗೆ ಹೋದೆ.

"ಕೈ ತಗೀರಿ."

"ಸಾರ್, ನಾವೂ ಹಿಂಗೇ ನಡ್ದು ಬೆಳ್ದೋರು. ಅವಮಾನ ಆದ್ರೇನೇ ಛಲ ಬರೋದು."

"ಕಲಿಸಿದವ್ರು ನೀವು. ಸೋಲಿನ್ಯಾಗ ನಿಮ್ಮ ಪಾಲೂ ಐತಿ. ಮೊದಲ ನಿಮ್ಮ ಅಂಗಿ ಬಿಚ್ರಿ."

ನಗು ನಿಂತಿತು. ರಾಮಚಂದ್ರಪ್ಪ ತಗ್ಗಿದ ದನಿಯಲ್ಲಿ ಕೇಳಿದರು: "ಯಾರ ಮನೇಲಿದೀರ ಅನ್ನೋದು ಗ್ಯಾಪ್ಕ ಐತಾ?"

"ಐತ್ರಿ."

ಆಗ ಗೋಲು ಕಾಯುವ ಹುಡುಗನ ತಂದೆ, ಮಾಸ್ತಿಯ ರೈತ ಮುನಿಯಪ್ಪ, ಬಾಗಿ ತಮ್ಮ ಮಗನ ಅಂಗಿಯನ್ನು ಎತ್ತಿಕೊಂಡರು. ದೂಳು ಕೊಡವಿ, "ಹಾಕ್ಕೊಳೋ. ಇಂಟಿಕಿ ಪೋದಾಂ ರಾ," ಎಂದರು. ಮನೆಗೆ ಹೋಗೋಣ ಬಾರೋ ಎಂದರ್ಥ. ಮಿಕ್ಕ ತಂದೆಯರೂ ಬಾಗಿದರು.

ಆ ತಿಂಗಳೇ ರಾಮಚಂದ್ರಪ್ಪ ನಮ್ಮಿಂದ ಮನೆ ಬಿಡಿಸಿದರು. ಮುನಿಯಪ್ಪ ತಮ್ಮ ನೆಂಟರ ಮನೆ ಕೊಡಿಸಿದರು. ಅಂಗಿ ಬಿಚ್ಚಿಸುವುದು ನಿಂತಿತು. ರಾಮಚಂದ್ರಪ್ಪ ನನ್ನ ನಮಸ್ಕಾರಕ್ಕೆ ಮತ್ತೆಂದೂ ಉತ್ತರ ಕೊಡಲಿಲ್ಲ. ಅದನ್ನು ನಾನೂ ಮರೆತಿಲ್ಲ.

ಕೆಲವು ವರ್ಷಗಳ ನಂತರ ಕೋಲಾರಕ್ಕೆ ನಮ್ಮ ಧಾರವಾಡದ ಮಕ್ಕಳ ತಂಡ ಆಡಲು ಬಂತು. ಹಬ್ಬದ ಉಡುಪಿನಲ್ಲಿ ಹೋಗಿದ್ದೆ. ಸೋತ ಮಕ್ಕಳಿಂದ ಅವರ ತರಬೇತುದಾರ ಜನರ ಮುಂದೆ ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದ, ನನ್ನ ತಾಯಿಯ ನುಡಿಯಲ್ಲೇ ಬೈಯುತ್ತಿದ್ದ. ಎದ್ದು ಹೋಗಿ, ಸಾಕು ನಿಲ್ಲಿಸೆಂದೆ.

"ನೀವ್ಯಾರ್ರೀ ಕೇಳಾಕ? ಯಾವೂರವ್ರು?"

"ಮಾಲೂರವ ಅದೀನ್ರಿ."

ಅವನು ನನ್ನನ್ನೇ ದಿಟ್ಟಿಸಿದ. "ಮಾತು ನಮ್ಮ ಕಡೇದು, ನಿಲ್ಲೂದು ಅವರ ಕಡೆ?"

ಆ ಮಕ್ಕಳು ಕಿವಿಯಿಂದ ಕೈ ತೆಗೆಯುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.