ಹೆರ್ ಬ್ರಾಂಟ್ ಅವರ ಮುಳ್ಳಿನ ಬೂಟು

ಇವತ್ತು ಬೆಳಿಗ್ಗೆ ಶೆಲ್ಫಿನ ಬಾಗಿಲು ತೆಗೆದರೆ ಚರ್ಮ, ಮೇಣ, ಹಳೆಯ ಬೆವರು ಮೂರೂ ಸೇರಿದ ವಾಸನೆ ಮೂಗಿಗೆ ಬಂತು. ನನಗದು ಪರಿಮಳ. ನನ್ನ ಹೆಂಡತಿ ಸುಧಾಳಿಗೆ ಹಾಗಲ್ಲ. "ಮಂದಿ ಬೂಟು ಹೊರಗ ಬಿಟ್ಟು ಒಳಗ ಬರ್ತಾರ. ನೀವು ಮಂದಿ ಬಿಟ್ಟ ಬೂಟು ಒಳಗ ತರ್ತೀರಿ," ಎನ್ನುತ್ತಾಳೆ. ಸುಳ್ಳಲ್ಲ. ಜರ್ಮನಿಯ ಅಬ್‌ಸ್ಟಾಟ್‌ ಊರಿನ ಈ ಪುಟ್ಟ ಮನೆಯಲ್ಲಿ ಹನ್ನೊಂದು ಜೋಡಿ ಹಳೆಯ ಬೇಸ್‌ಬಾಲ್ ಬೂಟುಗಳಿವೆ.

ಈ ಹುಚ್ಚು ಹತ್ತಿದ್ದೇ ತಪ್ಪಿನಿಂದ. ಹೈಡೆಲ್‌ಬರ್ಗ್‌ನ ಫ್ಲೋಮಾರ್ಕ್ಟ್‌ನಲ್ಲಿ, ಅಂದರೆ ಹಳೇ ಸಾಮಾನಿನ ಸಂತೆಯಲ್ಲಿ, ಅಡಿಯಲ್ಲಿ ಕಬ್ಬಿಣದ ಮುಳ್ಳಿದ್ದ ಕರಿ ಚರ್ಮದ ಬೂಟು ಕಂಡಿತು. ಧಾರವಾಡದ ಮೈದಾನದಲ್ಲಿ ಬರಿಗಾಲಲ್ಲಿ ಬೌಲಿಂಗ್ ಮಾಡಿದವನು ನಾನು. ಕ್ರಿಕೆಟ್ ಬೂಟೆಂದು ಎದೆಗವಚಿಕೊಂಡು ತಂದೆ. ಮೆಟ್ಟಿಲ ಮೇಲೆ ಸಿಕ್ಕ ಕೆಳಮನೆಯ ಮುದುಕ ಹೆರ್ ಬ್ರಾಂಟ್ ತಿರುಗಿಸಿ ನೋಡಿ, ಇದು ಬೇಸ್‌ಬಾಲಿನದು ಎಂದು ನಕ್ಕರು. ಚಿಕ್ಕಂದಿನಲ್ಲಿ, ಇಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರಿಂದ ಆ ಆಟ ಕಲಿತವರಂತೆ. ಒಣಗಿದ ಚರ್ಮಕ್ಕೆ ಮೇಣ ತಿಕ್ಕುವುದು, ಬಿಟ್ಟ ಹೊಲಿಗೆ ಹಾಕುವುದು, ಮುಳ್ಳಿನ ತುಕ್ಕು ತೆಗೆಯುವುದು ಎಲ್ಲ ಅವರೇ ಕಲಿಸಿದರು.

ಒಂದು ವಸಂತದಲ್ಲಿ ಹೊಲಿಗೆ ಬಿಟ್ಟ ತಮ್ಮದೇ ಬೂಟು ತಂದುಕೊಟ್ಟರು. ಅವರ ಬೇಸ್‌ಬಾಲ್ ಕ್ಲಬ್ಬಿನ ಹಳೆಯ ಆಟಗಾರರ ಪಂದ್ಯವಿತ್ತು. ಅದನ್ನೇ ಹಾಕಿಕೊಂಡು ಇನ್ನೊಮ್ಮೆ ಬ್ಯಾಟ್ ಹಿಡಿಯಬೇಕೆಂದು ಅವರ ಆಸೆ. ಸೂಜಿ ಹಿಡಿಯಲು ಕೈ ನಡುಗುತ್ತಿತ್ತು, ಹಾಗಾಗಿ ರಿಪೇರಿ ನನ್ನ ಪಾಲಿಗೆ ಬಂತು. ಗುರುವಿನ ಬೂಟಲ್ಲವೇ, ಅತಿ ಭಕ್ತಿಯಿಂದ ಬಕೆಟ್ಟಿನಲ್ಲಿ ಅದ್ದಿ ತೊಳೆದೆ. ಬೇಗ ಒಣಗಲೆಂದು ಗೋಡೆಯ ಹೈಟ್ಸುಂಗ್ ಮೇಲಿಟ್ಟೆ. ನಮ್ಮ ಮನೆಯಲ್ಲಿ ಸಾಕ್ಸು, ಸಂಡಿಗೆ ಎಲ್ಲ ಒಣಗುವುದು ಆ ಹೀಟರಿನ ಮೇಲೆಯೇ. ಸಂಜೆ ಆಫೀಸಿನಿಂದ ಬಂದು ನೋಡಿದರೆ ಚರ್ಮ ಹಪ್ಪಳದಂತೆ ಸೆಟೆದು ಒಂದು ಸೈಜ್ ಕುಗ್ಗಿತ್ತು. ಮೂರು ದಿನ ಮೇಣ ತಿಕ್ಕಿದೆ. ಮೆತ್ತಗಾಯಿತು, ದೊಡ್ಡದಾಗಲಿಲ್ಲ.

"ಹೋಗಿ ಖರೇ ಹೇಳ್ರಿ. ನೀವು ಹಿಂಗ ನೋಡ್ಕೋತ ಕುಂತ್ರ ಅದೇನು ಬೆಳಿಯೂದಿಲ್ಲ," ಎಂದಳು ಸುಧಾ.

ಹೇಳಿದೆ. ಬ್ರಾಂಟ್ ಕಾಲು ತೂರಿಸಿ ನೋಡಿದರು. ಹಿಮ್ಮಡಿ ಒಳಗೆ ಹೋಗಲಿಲ್ಲ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ, "ನೀವು ಹಾಕಿಕೊಂಡು ನೋಡಿ," ಎಂದರು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. "ಸರಿ, ಹಾಗಾದರೆ ನನ್ನ ಬದಲು ನೀವು ಆಡಿ."

ಆಡಿದೆ. ಮೂರನೇ ಚೆಂಡು ಬ್ಯಾಟಿಗೆ ತಗುಲಿತು. ಓಡಿದೆ, ಬ್ಯಾಟ್ ಹಿಡಿದುಕೊಂಡೇ. ಬೇಸ್‌ಬಾಲಿನಲ್ಲಿ ಬ್ಯಾಟ್ ಅಲ್ಲೇ ಬಿಟ್ಟು ಓಡಬೇಕು. ನಾನೋ ಮೊದಲ ಬೇಸ್ ಹತ್ತಿರ ಬಾಗಿ, ರನ್ ಔಟ್ ತಪ್ಪಿಸಿಕೊಳ್ಳುವವನಂತೆ ಅದನ್ನು ನೆಲಕ್ಕೆ ಊರಿ ಎಳೆದೆ. ಮೈದಾನವೆಲ್ಲ ನಕ್ಕಿತು. ಬೆಂಚಿನ ಮೇಲೆ ಕೂತಿದ್ದ ಬ್ರಾಂಟ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರು ನನ್ನನ್ನು ಕ್ಷಮಿಸಿದ್ದು ಅಲ್ಲಿಯೇ ಎಂದು ನನ್ನ ನಂಬಿಕೆ.

ಆಮೇಲೆ ಪ್ರತಿ ವರ್ಷ ಆಡಿದೆ. ಪ್ರತಿ ವರ್ಷವೂ ಅವರು ಬೆಂಚಿನಿಂದ, "ಬ್ಯಾಟ್ ಬಿಡಿ," ಎಂದು ಕೂಗುತ್ತಿದ್ದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

ಇವತ್ತು ಆ ಪಂದ್ಯ. ಕೂಗುವವರೇ ಇಲ್ಲದ ಮೇಲೆ ಯಾಕೆ ಹೋಗಲಿ ಎಂದು, ಕೈಗೆತ್ತಿಕೊಂಡ ಬೂಟನ್ನು ಮತ್ತೆ ಶೆಲ್ಫಿನಲ್ಲಿಟ್ಟೆ. ಸುಧಾ ಬಂದು ಅದನ್ನು ತೆಗೆದು ನನ್ನ ಕಾಲ ಬಳಿ ಇಟ್ಟಳು. ಇಷ್ಟು ವರ್ಷದಲ್ಲಿ ಅವಳು ಆ ಬೂಟು ಮುಟ್ಟಿದ್ದು ಇದೇ ಮೊದಲು.

"ನಡೀರಿ," ಎಂದಳು. "ಬ್ಯಾಟ್ ಬಿಡ್ರಿ ಅಂತ ನಾ ಒದರ್ತೀನಿ."