ಮೆಹಂದಿ ಬೇಲಿಯ ಸಂದು

ಲಂಡನ್ನಿನ ಹೊರವಲಯದಲ್ಲಿದ್ದು ಓದಿ ಆಳಂದಕ್ಕೆ ಮರಳಿದ ಒಂಟಿಜೀವ ಶಾಂತಲಿಂಗಪ್ಪನವರಿಗೆ ಅಲ್ಲಿ ತಾವಿದ್ದ ಬೀದಿಯ ಮಾತು ಬಂದರೆ ಸಾಕು, ಮೈಯೆಲ್ಲ ಹುರುಪು. ಅಲ್ಲಿ ಮನೆಮನೆಗೂ ಎದೆಮಟ್ಟದ ಹಸಿರು ಬೇಲಿ. ಬಾಗಿಲ ಮುಂದಿಟ್ಟ ಹಾಲಿನ ಬಾಟಲಿಯನ್ನು ಬೆಕ್ಕೂ ಮುಟ್ಟುವುದಿಲ್ಲ. ಕರೆಯದೆ ಯಾರೂ ಯಾರ ಹೊಸ್ತಿಲನ್ನೂ ತುಳಿಯುವುದಿಲ್ಲ. ಅದೇ ಅಳತೆಗೆ ಇಲ್ಲಿ ಮೆಹಂದಿ ಬೇಲಿ ಬೆಳೆಸಿ, ದಿನಾ ಕತ್ತರಿಸಿ, ಉರಿಬಿಸಿಲಲ್ಲೂ ಟೈ ಕಟ್ಟಿ ನಿಂತು ಪಕ್ಕದ ಮನೆಯ ಸಕ್ಕುಬಾಯಿಗೆ, "ಇವತ್ತ ಹವಾ ಭಾಳ ಛಲೋ ಅದ ನೋಡ್ರಿ" ಎನ್ನುತ್ತಾರೆ. "ನೆತ್ತಿ ಸುಡಾಕತ್ತದ, ಒಳಗ ನಡೀರಿ ಅಣ್ಣಾ" ಎನ್ನುತ್ತಾಳೆ ಆಕೆ. ಅಷ್ಟು ನೇರವಾದ ಬೇಲಿಯಲ್ಲಿ ಆಕೆಯ ಅಡುಗೆಮನೆಯ ಕಡೆ ಮಾತ್ರ ಒಬ್ಬರು ನುಸುಳುವಷ್ಟು ಸಂದು. ಅಲ್ಲಿ ಚಿಗುರಿದರೆ ಅವರೇ ಚಿವುಟುತ್ತಾರೆ. ಯಾಕೆಂದು ಆಕೆ ಕೇಳಿದಾಗ ಒಮ್ಮೆ ಹೇಳಿದ್ದರು: "ಲಂಡನ್ನಿನಾಗ ಮನಿಯೊಡತಿ ಊರಿಗೆ ಹೋದಾಗ ನಾ ಜ್ವರ ಬಂದು ಬಿದ್ದಿದ್ದೆ. ಬಾಗ್ಲದಾಗ ಹಾಲಿನ ಬಾಟ್ಲಿ ಸಾಲುಗಟ್ಟಿದ್ವು. ಬೀದಿ ಮಂದಿ ಎಲ್ಲಾ ನೋಡಿದ್ರು. ಕರೀದ ಒಳಗ ಹೋಗೂದು ಮರ್ಯಾದಿ ಅಲ್ಲಂತ ಯಾರೂ ಬರಲಿಲ್ಲ." ಅಂದಿನಿಂದ ಸಕ್ಕುಬಾಯಿ ಬೆಳಗಿನ ಬಿಸಿರೊಟ್ಟಿ ಹಿಡಿದು ಆ ಸಂದಿನಿಂದಲೇ ಬರುತ್ತಾಳೆ. "ಬಾಗ್ಲಾ ಬಡದು ಬರಬೇಕ್ರಿ" ಎಂದು ಅವರು ಗದರುತ್ತಾರೆ. ಅವರ ತಟ್ಟೆ ಮಾತ್ರ ಆಗಲೇ ತೊಳೆದು ಮೇಜಿನ ಮೇಲಿರುತ್ತದೆ.